ವಾರ ನೋಡಿ ಹೆಸರು ಹಿಡಿದ ಪೋ ಮ್ಯಾ

ಪ್ಯೇ ಪಟ್ಟಣದ ನದಿ ದಂಡೆಯ ಬೀದಿಯಲ್ಲಿ ಊ ಪೋ ಮ್ಯಾ ಅವರದೊಂದು ಚಪ್ಪಲಿ ಅಂಗಡಿ ಇತ್ತು. ಮಖಮಲ್ ಪಟ್ಟಿಯ ಚಪ್ಪಲಿ ಹೊಲಿಸಿ ಮಾರುವುದು ಅವರ ಕಸುಬು. ಬಾಳಿನ ಬಹುಪಾಲು ಗಿರಾಕಿಗಳ ಪಾದಗಳನ್ನೇ ನೋಡುತ್ತ ಕೂತಿದ್ದರಿಂದಲೋ ಏನೋ, ಮನುಷ್ಯರ ಮೇಲ್ಭಾಗದ ವಿಷಯದಲ್ಲಿ ಅವರು ತೀರಾ ಹಿಂದೆ. ಕಾಲು ಕಂಡರೆ ಸಾಕು, ಬಲಗಾಲಿನ ಕಿರುಬೆರಳು ಉಜ್ಜುತ್ತದೆ, ಪಟ್ಟಿ ಸಡಿಲ ಬೇಕು ಎಂದು ಹೇಳಿಬಿಡುತ್ತಿದ್ದರು. ತಲೆಯೆತ್ತಿ ಮುಖ ನೋಡಿದರೆ ಮಾತ್ರ ಎಲ್ಲ ಮಸುಕು. ಹೆಸರಂತೂ ಕೇಳಲೇಬೇಡಿ.

ಒಮ್ಮೆ ಯಾಂಗೋನ್‌ನಿಂದ ಬರುತ್ತಿದ್ದ ಅಳಿಯನನ್ನು ಕರೆತರಲು ದೋಣಿಕಟ್ಟೆಗೆ ಹೋದವರು, ಗೊಬ್ಬರ ಮಾರಲು ಬಂದಿದ್ದ ಯಾರನ್ನೋ ತಬ್ಬಿಕೊಂಡು, ಸೈಕಲ್ ರಿಕ್ಷಾ ಹತ್ತಿಸಿ ಮನೆಗೆ ಕರೆತಂದಿದ್ದರು. ಆ ಮನುಷ್ಯ ಹಸಿದಿದ್ದ. ಎರಡೆರಡು ಸಲ ಅನ್ನ ಹಾಕಿಸಿಕೊಂಡು, ಮೀನಿನ ಸಾರು ಸುರಿದುಕೊಂಡು ಉಂಡು, ಕೈ ತೊಳೆದ ಮೇಲೆ, "ಊಲೇ, ತಪ್ಪು ತಿಳೀಬೇಡಿ, ತಾವು ಯಾರು ಅಂತ ಗೊತ್ತಾಗ್ಲಿಲ್ಲ," ಎಂದ. ಹಿರಿಯರನ್ನು ಚಿಕ್ಕಪ್ಪ ಎಂದು ಕರೆಯುವ ಮರ್ಯಾದೆಯನ್ನಾದರೂ ಅವನು ಉಳಿಸಿದ. ನಿಜವಾದ ಅಳಿಯ ಅಷ್ಟು ಹೊತ್ತೂ ಕಟ್ಟೆಯಲ್ಲಿ ತನ್ನ ಪೆಟ್ಟಿಗೆಯ ಮೇಲೆ ಕೂತಿದ್ದ.

ಇಂಥವರನ್ನು ಬೀದಿಯ ಹಿರಿಯರನ್ನಾಗಿ ಆರಿಸಿದ್ದು ಅವರ ರೂಪ ನೋಡಿ. ಎತ್ತರದ ಆಳು, ಬೆಳ್ಳಿಯಂಥ ಕೂದಲು. ರೇಷ್ಮೆಯ ರುಮಾಲು ಅವರ ತಲೆಯ ಮೇಲೆ ಕೂತಷ್ಟು ಚೆನ್ನಾಗಿ ಬೇರೆ ಯಾರ ತಲೆಯ ಮೇಲೂ ಕೂರುತ್ತಿರಲಿಲ್ಲ. ದನಿ ಕೇಳಿದರೆ ಪಗೋಡದ ಗಂಟೆ. ಹಳೆಯ ಹಿರಿಯರು ತೀರಿಕೊಂಡ ಮೇಲೆ ಚಹಾದಂಗಡಿಯಲ್ಲಿ ಸೇರಿದ ಗಂಡಸರೆಲ್ಲ ಒಂದೇ ಸಲಕ್ಕೆ ಅವರ ಕಡೆ ತಿರುಗಿದರು.

"ನಂಗೆ ಹೆಸರುಗಳು ನೆನಪಿರಲ್ಲ ಕಣ್ರಪ್ಪಾ," ಎಂದರು ಪೋ ಮ್ಯಾ.

"ನೋಡಿ, ಎಂಥಾ ವಿನಯ!" ಎಂದರು ಎಲ್ಲರೂ. ಅಲ್ಲಿಗೆ ತೀರ್ಮಾನವಾಯಿತು.

ಹಿರಿಯರ ಕೆಲಸವೆಂದರೆ ಮದುವೆ, ಹುಡುಗರಿಗೆ ಭಿಕ್ಷುಗಳ ಚೀವರ ತೊಡಿಸುವ ಸಮಾರಂಭ, ಮಠಕ್ಕೆ ದಾನ, ಎಲ್ಲಕ್ಕೂ ಚಪ್ಪರದ ಬಾಗಿಲಲ್ಲಿ ನಿಂತು ಬಂದವರನ್ನು ಹೆಸರು ಹಿಡಿದು ಕರೆದು ಕೂರಿಸುವುದು. ಹೆಸರು ತಪ್ಪಿದರೆ ಊಟ ತಪ್ಪಿದಷ್ಟೇ ಅವಮಾನ. ಮೊದಲ ಕೆಲವು ತಿಂಗಳು ಹೆಂಡತಿ ಡೋ ನು ಕಾಪಾಡಿದರು. ಬೀಸಣಿಗೆ ಹಿಡಿದು ಗಂಡನ ಬೆನ್ನ ಹಿಂದೆ ನಿಂತು ಪಿಸುಗುಟ್ಟುತ್ತಿದ್ದರು. ಅದರಲ್ಲೂ ತೊಂದರೆ ಇಲ್ಲದಿರಲಿಲ್ಲ. ಒಂದು ದಿನ ಆಕೆ, "ನೀಲಿ ಲುಂಗಿ, ಊ ತೇನ್, ಹೆಂಡ್ತಿ ತವರಿಗೆ ಹೋಗ್ಬಿಟ್ಟಿದ್ದಾಳೆ, ಕೇಳ್ಬೇಡಿ," ಎಂದು ಎಚ್ಚರಿಸಿದರೆ, ಪೋ ಮ್ಯಾ ಎರಡೂ ಕೈ ಚಾಚಿ, "ಬನ್ನಿ ಬನ್ನಿ ಊ ತೇನ್, ಹೆಂಡ್ತಿ ತವರಿಗೆ ಹೋಗ್ಬಿಟ್ಟಿದ್ದಾಳೆ!" ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಸ್ವಾಗತಿಸಿದರು.

ಆಮೇಲೆ ಆ ಆಸರೆಯೂ ಹೋಯಿತು. ಹುಳಿ ಬರಿಸಿದ ಚಹಾ ಎಲೆಗೆ ಎಳ್ಳು, ಹುರಿದ ಬೆಳ್ಳುಳ್ಳಿ, ಒಣ ಸಿಗಡಿ ಹದವಾಗಿ ಬೆರೆಸುವುದು ಡೋ ನು ಒಬ್ಬರಿಗೇ ಗೊತ್ತು, ಅವರನ್ನು ಗಂಡಸರ ಬಾಗಿಲಲ್ಲಿ ನಿಲ್ಲಿಸಿಕೊಂಡರೆ ಹೇಗೆ ಎಂದು ಹೆಂಗಸರು ಜಗಳ ತೆಗೆದರು. ಆಕೆ ಒಳಗೆ ಹೋದ ಮೊದಲ ದಿನವೇ ಪೋ ಮ್ಯಾ ಅಕ್ಕಿ ಗಿರಣಿಯ ಯಜಮಾನನನ್ನು ಅವನ ಪರಮ ವೈರಿಯ ಹೆಸರಿನಿಂದ ಕರೆದರು. ಅವನು ಚಪ್ಪಲಿಯನ್ನೂ ಬಿಡದೆ ಬಂದ ದಾರಿಯಲ್ಲೇ ವಾಪಸು ಹೋದ.

ಪೋ ಮ್ಯಾ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಮನಸ್ಸಿಗೆ ಸಮಾಧಾನವಾಗಲೆಂದು ಬೆಳಿಗ್ಗೆ ಗುಡ್ಡ ಹತ್ತಿ ಶ್ವೇಸಾಂಡೋ ಪಗೋಡಕ್ಕೆ ಹೋದರು. ಪಗೋಡದ ಸುತ್ತ ವಾರಕ್ಕೊಂದು ಮೂಲೆ, ಮೂಲೆಗೊಂದು ಪ್ರಾಣಿಯ ವಿಗ್ರಹ, ಜನ ತಾವು ಹುಟ್ಟಿದ ವಾರದ ಮೂಲೆಯಲ್ಲಿ ನೀರೆರೆಯುವುದು ಪದ್ಧತಿ. ಅವರು ಗುರುವಾರ ಹುಟ್ಟಿದವರು, ಗುರುವಾರದ ಮೂಲೆಯ ಇಲಿಯ ಹಿಂದಿರುವ ಬುದ್ಧನಿಗೆ ಬಟ್ಟಲಿನಿಂದ ನೀರೆರೆಯುತ್ತಿದ್ದರು. ಪಕ್ಕದಿಂದ ಯಾರೋ, "ಊಲೇ, ಊಟ ಆಯ್ತಾ?" ಎಂದರು. ತಿರುಗಿ ನೋಡಿದರೆ ತೀರಾ ಪರಿಚಯದ ಮುಖ. ಹೆಸರು? ಸುಳಿವಿಲ್ಲ. ಹಲ್ಲು ಕಿರಿದು ತಲೆಯಾಡಿಸಿದರು. ಆ ಯುವಕ ಮುಂದೆ ಹೋಗಿ ಮಂಗಳವಾರದ ಸಿಂಹದ ಮುಂದೆ ನಿಂತು ನೀರೆರೆಯತೊಡಗಿದ.

ಪೋ ಮ್ಯಾ ಅವರ ಕೈಯ ಬಟ್ಟಲು ಅಲ್ಲೇ ನಿಂತಿತು. ಮಂಗಳವಾರ! ಮಂಗಳವಾರದವನೆಂದರೆ ಹೆಸರು 'ಸ' ಇಲ್ಲವೇ 'ಜ' ಅಕ್ಷರದಿಂದ ಶುರುವಾಗಲೇಬೇಕು. ಸೋಮವಾರದವರಿಗೆ ಕ, ಖ, ಗ, ಗುರುವಾರದವರಿಗೆ ಪ, ಬ, ಮ, ಭಾನುವಾರದವರಿಗೆ ಸ್ವರಗಳು. ಹೆಸರಿನ ಮುಂದೆ ಮರ್ಯಾದೆಗೆ ಹಚ್ಚುವ ಊ, ಡೋ, ಕೋ, ಮ ಇವು ಲೆಕ್ಕಕ್ಕಿಲ್ಲ. ಹುಟ್ಟಿದ ವಾರದ ಅಕ್ಷರ ಬಿಟ್ಟು ಮಗುವಿಗೆ ಹೆಸರಿಡುವವರು ಆ ಊರಲ್ಲಿ ಇರಲಿಲ್ಲ. ಪೋ ಮ್ಯಾ ತುಟಿಯಲ್ಲೇ ಹುಡುಕಿದರು. ಸ... ಸೋ... ಸೇನ್... ಸಾನ್...

"ಸಾನ್ ಮಾಂಗ್!" ಎಂದು ಕೂಗಿದರು. "ನೀನು ಸಾನ್ ಮಾಂಗ್ ತಾನೇ?"

"ಹೌದು ಊಲೇ. ಹೋದ ವಾರ ನಿಮ್ಮ ಅಂಗಡಿ ಸೂರು ರಿಪೇರಿ ಮಾಡ್ದೆನಲ್ಲ, ಮರೆತೇಬಿಟ್ರಾ?" ಎಂದ ಅವನು ಬೇಸರದಿಂದ. ಆದರೆ ಪೋ ಮ್ಯಾ ಅವರಿಗೆ ಅವನ ಬೇಸರ ಕಾಣಲಿಲ್ಲ. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಮನೆಗೆ ಓಡಿದರು.

ಅಂದಿನಿಂದ ದಿನವೂ ಬೆಳಿಗ್ಗೆ ಪಗೋಡದ ಅಂಗಳದಲ್ಲಿ ಕಂಬಕ್ಕೊರಗಿ ಕೂರತೊಡಗಿದರು. ಯಾರು ಯಾವ ಮೂಲೆಯಲ್ಲಿ ನೀರೆರೆಯುತ್ತಾರೆ ನೋಡುವುದು, ಆ ಮೂಲೆಯ ಪ್ರಾಣಿಯನ್ನು ಅವರ ಮುಖಕ್ಕೆ ಅಂಟಿಸುವುದು. ಸೋಮವಾರದ ದರ್ಜಿಗೆ ಗಲ್ಲದ ಮೇಲೆ ಎರಡು ಗೀರು ಗಾಯ, ಅವನು ಹುಲಿ. ಬುಧವಾರದ ಕಂಟ್ರಾಕ್ಟರನ ಕಿವಿಗಳು ಮೊರದಗಲ, ಅವನು ಆನೆ. ಶುಕ್ರವಾರದ ಕಂಪೌಂಡರ್ ಸದಾ ಏನಾದರೂ ಮೆಲ್ಲುತ್ತಿರುತ್ತಾನೆ, ಅವನು ಬಾಲವಿಲ್ಲದ ಇಲಿ. ಪ್ರಾಣಿ ಸಿಕ್ಕರೆ ವಾರ ಸಿಕ್ಕಿತು, ವಾರ ಸಿಕ್ಕರೆ ಅಕ್ಷರ, ಅಕ್ಷರ ಹಿಡಿದು ಎಳೆದರೆ ಹೆಸರು ಹಿಂದೆಯೇ ಬರುತ್ತದೆ. ಕಂಬಕ್ಕೊರಗಿ ತುಟಿ ಅಲ್ಲಾಡಿಸುತ್ತ ಕೂತ ಮುದುಕನನ್ನು ಕಂಡ ಜನ, ಪಾಪ, ವಯಸ್ಸಾದ ಮೇಲೆ ಧ್ಯಾನಕ್ಕೆ ಇಳಿದಿದ್ದಾರೆ ಎಂದುಕೊಂಡರು. ಪಗೋಡದ ಮೇಲ್ವಿಚಾರಕರು ಒಂದು ಚಾಪೆಯನ್ನೂ ಕೊಟ್ಟರು.

ಮಧ್ಯಾಹ್ನ ಊಟಕ್ಕೆ ಕೂತಾಗ ಡೋ ನು ಪರೀಕ್ಷೆ ಮಾಡುತ್ತಿದ್ದರು.

"ಕೋ ಪೋ ಮ್ಯಾ, ಮೊರದಂಥ ಕಿವಿ, ಸಿಮೆಂಟು ವ್ಯಾಪಾರ?"

"ಆನೆ. ಬುಧವಾರ. ಯ... ಲ... ವ... ವಿನ್... ಊ ವಿನ್ ಪೇ!"

"ಚಪಾತಿ ಮುಖ, ಹಲ್ಲು ಮುಂದೆ?"

"ಇಲಿ. ಗುರುವಾರ. ಪ... ಫ... ಬ... ಯಾರೇ ಅದು, ಮ ನು?"

"ಕನ್ನಡೀಲಿ ನೋಡ್ಕೊಳ್ಳಿ," ಎಂದು ಡೋ ನು ಅನ್ನ ಬಡಿಸಿದರು.

ವಿದ್ಯೆ ಫಲ ಕೊಟ್ಟಿತು. ಮಳೆಗಾಲ ಮುಗಿದು ಮದುವೆಗಳು ಶುರುವಾದಾಗ ಪೋ ಮ್ಯಾ ಬಾಗಿಲಲ್ಲಿ ನಿಂತು, ಒಂದು ಕ್ಷಣ ಕಣ್ಣು ಕಿರಿದು ಮಾಡಿ, "ಬನ್ನಿ ಊ ವಿನ್ ಪೇ! ಬಾರಪ್ಪ ಸಾನ್ ಮಾಂಗ್!" ಎಂದು ಮೊಳಗಿದರೆ ಜನ ಬೆರಗಾಗುತ್ತಿದ್ದರು. ಗಿರಣಿಯ ಯಜಮಾನನೂ ಮತ್ತೆ ಬಂದು ಸರಿಯಾದ ಹೆಸರಿನಲ್ಲಿ ಕರೆಸಿಕೊಂಡು, ಹಟ ಬಿಟ್ಟು ಎರಡು ಬಟ್ಟಲು ಪಾಯಸ ಕುಡಿದು ಹೋದ. ತಪ್ಪಾದದ್ದು ಒಂದೇ ಸಲ. ಪೋಸ್ಟ್ ಮಾಸ್ತರರ ಹೆಂಡತಿ ದೊಡ್ಡ ಮೈಯವರು, ಬುಧವಾರ ಹುಟ್ಟಿದವರು. ಆಕೆ ಏದುಸಿರು ಬಿಡುತ್ತ ಬಂದಾಗ ಹೆಸರಿನ್ನೂ ದಾರಿಯಲ್ಲಿತ್ತು, ನಾಲಗೆ ಮಾತ್ರ ಅವಸರಪಟ್ಟಿತು. "ಬನ್ನಿ, ಬನ್ನಿ, ಆನೆಯಮ್ಮಾ!" ಎಂದುಬಿಟ್ಟರು. ಆ ವರ್ಷವೆಲ್ಲ ಪೋ ಮ್ಯಾ ಅವರಿಗೆ ಬಂದ ಕಾಗದಗಳು ತೀರಾ ತಡವಾಗಿ ತಲುಪಿದವು.

ಹೀಗೆ ಹೆಸರಿನ ಜೊತೆ ಹೆಸರೂ ಬಂದಿದ್ದ ಕಾಲದಲ್ಲಿ ಮ ಹೇಮಾಳ ಮದುವೆಯ ಮಾತು ಎದ್ದಿತು.

ಹೇಮಾ, ಬೀದಿಯ ತುದಿಯಲ್ಲಿ ಮೀನಿನ ಸಾರಿನ ಶಾವಿಗೆ ಮಾರುವ ಡೋ ಸೇನ್ ಅವರ ಮಗಳು. ಪೋ ಮ್ಯಾ ದಿನವೂ ಬೆಳಿಗ್ಗೆ ಅವಳ ಕೈಯಿಂದಲೇ ಬಟ್ಟಲು ತೆಗೆದುಕೊಂಡು ಉಣ್ಣುವವರು. ಯಾವ ಪ್ರಾಣಿಯ ಸಹಾಯವೂ ಇಲ್ಲದೆ ಅವರಿಗೆ ನೆನಪಿದ್ದ ನಾಲ್ಕಾರು ಹೆಸರುಗಳಲ್ಲಿ ಅವಳದೂ ಒಂದು. ಹುಡುಗ ಕೋ ಖಿನ್ ನ್ಯೋ, ಐಸ್ ಫ್ಯಾಕ್ಟರಿಯ ಡೋ ಕ್ಯಿ ಅವರ ಒಬ್ಬನೇ ಮಗ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಒಪ್ಪದಿದ್ದದ್ದು ವಾರಗಳು. ಅವನು ಸೋಮವಾರ, ಅವಳು ಶುಕ್ರವಾರ. ಆ ಎರಡು ವಾರಗಳವರು ಮದುವೆಯಾದರೆ ಯಾರಾದರೊಬ್ಬರ ಆಯುಸ್ಸು ಕಡಿಮೆ ಎಂದು ಊರಿಗೆಲ್ಲ ಗೊತ್ತು. ಇಬ್ಬರು ತಾಯಂದಿರೂ ಒಬ್ಬರ ಮುಂದೊಬ್ಬರು, "ಈಗಿನ ಕಾಲದಲ್ಲಿ ಅದೆಲ್ಲ ಯಾರು ನೋಡ್ತಾರೆ?" ಎಂದು ನಕ್ಕಿದ್ದರು. ಮನಸ್ಸಿನಲ್ಲಿ ಇಬ್ಬರಿಗೂ ಪುಕಪುಕ.

ನಿಶ್ಚಯದ ಶಾಸ್ತ್ರಕ್ಕೆ ಮೂರು ದಿನ ಇರುವಾಗ ಡೋ ಸೇನ್ ಶಾವಿಗೆಯ ಮೇಲೆ ಸಾರು ಹಾಕುತ್ತ ಬಗ್ಗಿ ಹೇಳಿದರು. "ಅಕೋ, ಅಣ್ಣ ಅಂದ್ಕೊಂಡು ಹೇಳ್ತಿದ್ದೀನಿ. ನಿಮ್ಮ ಹೊಟ್ಟೇಲೇ ಇರ್ಲಿ. ಜ್ಯೋತಿಷಿ ಸಯಾ ಟುನ್ ಹತ್ರ ಹೋಗಿ ಮಗಳ ಹೆಸರು ಬದಲಾಯಿಸಿದ್ದೀನಿ. ಶುಕ್ರವಾರದ ದೋಷ ಹೋಯ್ತು. ಇನ್ಮೇಲೆ ಅವಳು ಲ್ವಿನ್ ಮಾ. ಬುಧವಾರದ ಹೆಸರು. ಶಾಸ್ತ್ರದ ದಿನ ನೀವೇ ಎಲ್ಲರೆದುರು ಹೇಳ್ಬೇಕು. ಆ ಡೋ ಕ್ಯಿ ಮುಖ ನೋಡ್ಬೇಕು ನಾನು, ದೋಷ ಕಳೆದೋರು ನಾವು ಅಂತ ಗೊತ್ತಾಗ್ಲಿ!"

ಅದೇ ಸಂಜೆ ಡೋ ಕ್ಯಿ ಚಪ್ಪಲಿ ಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದರು. ಪಾದ ಮುಂದೆ ಚಾಚಿಕೊಂಡೇ ಪಿಸುಗುಟ್ಟಿದರು. "ಊ ಪೋ ಮ್ಯಾ, ಯಾರಿಗೂ ಬಾಯಿ ಬಿಡ್ಬೇಡಿ. ನನ್ನ ಮಗ ಈಗ ಖಿನ್ ನ್ಯೋ ಅಲ್ಲ, ಆಂಗ್ ನ್ಯೋ. ಭಾನುವಾರದ ಹೆಸರು. ಸಯಾ ಟುನ್ ಕೊಟ್ಟದ್ದು. ಎಲ್ಲರೆದುರು ನೀವೇ ಹೇಳಿ. ಬೀಗಿತ್ತಿ ಕಣ್ಣರಳಿಸ್ಬೇಕು!"

ಭಾನುವಾರಕ್ಕೂ ಬುಧವಾರಕ್ಕೂ ಸೋಮವಾರ ಶುಕ್ರವಾರಗಳಷ್ಟೇ ಹಳೆಯ ವೈರ. ಅದು ಪೋ ಮ್ಯಾ ಅವರಿಗೂ ಗೊತ್ತಿತ್ತು. ಆದರೆ ಅವರ ತಲೆಯಲ್ಲಿ ಆಗ ಅದಕ್ಕೆಲ್ಲ ಜಾಗವೆಲ್ಲಿ? ಕಷ್ಟಪಟ್ಟು ಅಂಟಿಸಿದ ಪ್ರಾಣಿಗಳನ್ನು ಕಿತ್ತು ಬೇರೆ ಅಂಟಿಸಬೇಕಿತ್ತು. ಹುಡುಗನದು ಸಲೀಸಾಯಿತು. ಅವನ ಮೂಗು ಕೊಕ್ಕಿನಂತೆ ಬಾಗಿತ್ತು, ಹುಲಿಯನ್ನು ಓಡಿಸಿ ಭಾನುವಾರದ ಗರುಡನನ್ನು ಕೂರಿಸಿದ್ದೇ ತಡ ಭದ್ರವಾಗಿ ಕೂತ. ಹುಡುಗಿಯ ಮೇಲೆ ಆನೆಯನ್ನು ಕೂರಿಸುವುದೇ ಸಾಧ್ಯವಾಗಲಿಲ್ಲ. ಗಾಳಿ ಬಂದರೆ ಹಾರಿಹೋಗುವಂಥ ಸಣಕಲು ಹುಡುಗಿ. ಮೂರು ದಿನವೂ ಬೆಳಿಗ್ಗೆ ಶಾವಿಗೆ ತಿನ್ನುತ್ತ ಅವಳನ್ನೇ ದಿಟ್ಟಿಸಿ, ಸೊಂಡಿಲು ಹಚ್ಚಿ, ಕಿವಿ ಹಚ್ಚಿ ಪ್ರಯತ್ನಿಸಿದರು.

"ಊಲೇ, ಯಾಕೆ ಹಾಗೆ ನೋಡ್ತೀರಿ? ಉಪ್ಪು ಕಡಿಮೆಯಾ?" ಎಂದಳು ಹುಡುಗಿ.

"ಇಲ್ಲಮ್ಮ ಹೇಮಾ," ಎಂದರು. ತಕ್ಷಣ ನಾಲಗೆ ಕಚ್ಚಿಕೊಂಡರು.

ಶಾಸ್ತ್ರದ ಬೆಳಿಗ್ಗೆ ಡೋ ಸೇನ್ ಮನೆಯ ಅಂಗಳದಲ್ಲಿ ಚಾಪೆ ಹಾಸಿ, ಚಹಾ ಎಲೆಯ ತಟ್ಟೆಗಳನ್ನಿಟ್ಟು, ಎರಡು ಕಡೆಯವರೂ ಎದುರುಬದುರು ಕೂತಿದ್ದರು. ಜ್ಯೋತಿಷಿ ಸಯಾ ಟುನ್ ಕೂಡ ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದರು. ಇಬ್ಬರು ತಾಯಂದಿರೂ ಗೆಲುವಿನ ನಗೆ ನಗುತ್ತಿದ್ದರು. ಪೋ ಮ್ಯಾ ರುಮಾಲು ಸರಿಮಾಡಿಕೊಂಡು ಎದ್ದು ನಿಂತರು.

"ಹಿರಿಯರ ಸಮಕ್ಷಮದಲ್ಲಿ," ಎಂದು ಮೊಳಗಿದರು. ಹುಡುಗನ ಮೂಗು ನೋಡಿದರು. ಗರುಡ. "ಐಸ್ ಫ್ಯಾಕ್ಟರಿಯ ಡೋ ಕ್ಯಿ ಅವರು ತಮ್ಮ ಮಗ, ಇಂದಿನಿಂದ ಆಂಗ್ ನ್ಯೋ ಎಂದು ಕರೆಸಿಕೊಳ್ಳುವ ವರನಿಗಾಗಿ..." ಡೋ ಕ್ಯಿ ಎದೆಯುಬ್ಬಿಸಿದರು. ಪೋ ಮ್ಯಾ ಹುಡುಗಿಯ ಕಡೆ ತಿರುಗಿದರು. ಅವಳು ಚಹಾದ ಬಟ್ಟಲು ಹಿಡಿದು, ದಿನವೂ ಶಾವಿಗೆ ಕೊಡುವ ಹಾಗೆಯೇ ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು. "...ಡೋ ಸೇನ್ ಅವರ ಮಗಳು ಮ ಹೇಮಾಳನ್ನು ಕೇಳುತ್ತಿದ್ದಾರೆ!"

"ಲ್ವಿನ್ ಮಾ!" ಎಂದು ಡೋ ಸೇನ್ ಹಲ್ಲು ಕಚ್ಚಿ ಪಿಸುಗುಟ್ಟಿದರು. ಪಿಸುಮಾತು ಬೀದಿಯವರೆಗೂ ಕೇಳಿತು.

"ಯಾರದು ಲ್ವಿನ್ ಮಾ?" ಎಂದರು ಡೋ ಕ್ಯಿ.

"ನನ್ನ ಮಗಳು. ಹೆಸರು ಬದಲಾಯಿಸಿದ್ದೀನಿ. ನಿಮ್ಮ ಮಗನ ಆಯುಸ್ಸು ಗಟ್ಟಿಯಾಗಿರ್ಲಿ ಅಂತ!"

"ಲ್ವಿನ್ ಅಂದ್ರೆ ಬುಧವಾರ! ನನ್ನ ಮಗನನ್ನ ನಾನು ಭಾನುವಾರ ಮಾಡಿದ್ದೀನಲ್ರೀ! ಆನೆಗೂ ಗರುಡಂಗೂ ಆಗುತ್ತಾ?"

"ನಿಮ್ಮನ್ನ ಯಾರು ಮಾಡಿ ಅಂದ್ರು? ಸುಮ್ಮನೆ ಸೋಮವಾರವಾಗಿ ಇದ್ದಿದ್ರೆ ಆಗ್ತಿತ್ತು!"

"ನೀವು ಸುಮ್ಮನೆ ಶುಕ್ರವಾರವಾಗಿ ಇರ್ಬಹುದಿತ್ತು! ಅಷ್ಟೊಂದು ಅವಸರ ಏನಿತ್ತು?"

ಎಲ್ಲರೂ ಒಟ್ಟಿಗೆ ಸಯಾ ಟುನ್ ಕಡೆ ತಿರುಗಿದರು. ಅವರು ಆಗಲೇ ಚಾಪೆಯ ಅಂಚಿಗೆ ಸರಿದು ಕಾಲಿನಿಂದ ಚಪ್ಪಲಿ ತಡಕುತ್ತಿದ್ದರು.

"ಸಯಾ! ಇಬ್ರಿಗೂ ನೀವೇ ಹೆಸರು ಕೊಟ್ರಲ್ಲ?"

"ಕೊಟ್ಟೆ," ಎಂದರು ಜ್ಯೋತಿಷಿ. "ಬೇರೆ ಬೇರೆಯಾಗಿ ಬಂದು ಕೇಳಿದ್ರಿ, ಬೇರೆ ಬೇರೆಯಾಗಿ ಕೊಟ್ಟೆ. ಗುಟ್ಟು ಅಂದ್ರಿ, ಗುಟ್ಟಾಗಿಟ್ಟೆ. ಇಬ್ರೂ ಒಟ್ಟಿಗೆ ಬಂದಿದ್ರೆ ಒಟ್ಟಿಗೆ ನೋಡ್ತಿದ್ದೆ."

ಗದ್ದಲ ಹೆಚ್ಚಿತು. ಹೆಸರು ಹಿಂದಕ್ಕೆ ತೆಗೆದುಕೊಳ್ಳಲು ಇಬ್ಬರೂ ತಯಾರಿಲ್ಲ. ಡೋ ಕ್ಯಿ ಹೊಸ ಹೆಸರಿಗಾಗಿ ಭಿಕ್ಷುಗಳಿಗೆ ಊಟ ಹಾಕಿಸಿದ್ದರು. ಡೋ ಸೇನ್ ಪಗೋಡಕ್ಕೆ ಬಂಗಾರದ ತಗಡು ಅಂಟಿಸಿ ಬಂದಿದ್ದರು. ಹುಡುಗ ಹುಡುಗಿಯನ್ನು ನೋಡುತ್ತಿದ್ದ, ಹುಡುಗಿ ಕೈಯಲ್ಲಿ ಆರಿಹೋಗುತ್ತಿದ್ದ ಚಹಾ ನೋಡುತ್ತಿದ್ದಳು. ಇದೆಲ್ಲ ತಮ್ಮ ಮರೆವಿನಿಂದ ಆದದ್ದು ಎಂದುಕೊಂಡರು ಪೋ ಮ್ಯಾ. ಹಿರಿತನವೂ ಬೇಡ, ರುಮಾಲೂ ಬೇಡ, ಮನೆಗೆ ಹೋದರೆ ಸಾಕಾಗಿತ್ತು.

ಆಗ ಡೋ ನು ಚಹಾ ಎಲೆಯ ತಟ್ಟೆ ಕೆಳಗಿಟ್ಟು ಸೊಂಟಕ್ಕೆ ಕೈ ಒರೆಸಿಕೊಂಡು ಎದ್ದರು.

"ಯಾಕೆ ಕೂಗಾಡ್ತೀರಿ? ನಮ್ಮ ಮನೆಯವರು ಏನು ಹೇಳಿದ್ರು ಅಂತ ಯಾರಾದ್ರೂ ಕೇಳಿಸ್ಕೊಂಡ್ರಾ? ಆಂಗ್ ನ್ಯೋ ಅಂದ್ರು, ಹೇಮಾ ಅಂದ್ರು. ಭಾನುವಾರ, ಶುಕ್ರವಾರ. ಅವೆರಡಕ್ಕೆ ಜಗಳ ಇದೆಯಾ ಸಯಾ?"

ಸಯಾ ಟುನ್ ಬೆರಳು ಮಡಿಸಿ ಲೆಕ್ಕ ಹಾಕಿದರು. "ಏನೇನೂ ಇಲ್ಲ," ಎಂದರು, ತಾವೇ ಕಂಡುಹಿಡಿದವರ ಹಾಗೆ.

"ಅಷ್ಟೇ ಅಲ್ವಾ? ಹಿರಿಯರ ಬಾಯಿಂದ ಸಭೆಯಲ್ಲಿ ಬಂದ ಮೇಲೆ ಮುಗೀತು."

"ಆದ್ರೂ ಹುಟ್ಟಿದ ವಾರ ಹುಟ್ಟಿದ ವಾರವೇ ಅಲ್ವಾ?" ಎಂದು ಗುಂಪಿನಿಂದ ಯಾರೋ ಗೊಣಗಿದರು.

"ನಾನು ಶನಿವಾರದ ನಾಗ, ಇವರು ಗುರುವಾರದ ಇಲಿ," ಎಂದರು ಡೋ ನು. "ನಾಗ ಇಲೀನ ನುಂಗೇ ನುಂಗುತ್ತೆ ಅಂತ ನಮ್ಮ ಮದುವೇಲಿ ಹೇಳಿದ್ರು. ಮೈಯೆಲ್ಲ ತೊಗಲಿನ ವಾಸನೆ, ನುಂಗೋಕೆ ಇವತ್ತಿಗೂ ಮನಸ್ಸು ಬಂದಿಲ್ಲ."

ಮೊದಲು ನಕ್ಕವಳು ಹೇಮಾ. "ಅಮ್ಮಾ, ಲ್ವಿನ್ ಮಾ ಅಂತ ನೀನು ಮೂರು ದಿನದಿಂದ ಕರೀತಿದ್ದೀಯ, ಒಂದ್ಸಲಾನೂ ನಂಗೆ ತಿರುಗ್ಬೇಕು ಅಂತ ಹೊಳೀಲಿಲ್ಲ," ಎಂದಳು. ಡೋ ಸೇನ್ ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಆದರೆ ಡೋ ಕ್ಯಿ, ತಾವಿಟ್ಟ ಹೆಸರೇ ಉಳಿದ ಗೆಲುವಿನ ಉದಾರತೆಯಲ್ಲಿ, ಮದುವೆಯ ಐಸ್‌ಕ್ರೀಮೆಲ್ಲ ತಮ್ಮ ಖರ್ಚು ಎಂದು ಸಾರಿದಾಗ ಆಕೆಯೂ ಕರಗಿದರು.

ಮನೆಗೆ ಬರುವ ದಾರಿಯಲ್ಲಿ ಜನ ಪೋ ಮ್ಯಾ ಅವರ ಕೈ ಹಿಡಿದು ಕುಲುಕಿದರು. ಎಂಥಾ ತಲೆ! ಇಬ್ಬರ ಗುಟ್ಟೂ ಗೊತ್ತಿದ್ದು, ಇಬ್ಬರಿಗೂ ಹೇಳದೆ, ಸಭೆಯಲ್ಲೇ ಜೋಡಿ ಹೊಂದಿಸಿದರಲ್ಲ! "ಇಲ್ಲಪ್ಪಾ, ಆನೆ ಕೂರಲಿಲ್ಲ, ಅಷ್ಟೇ," ಎಂದು ಅವರು ಹೇಳಹೊರಟರು. ಯಾರಿಗೂ ಅರ್ಥವಾಗದ್ದರಿಂದ ಅದನ್ನೂ ಯಾವುದೋ ಗೂಢವಾದ ಮಾತೆಂದು ತಿಳಿದರು. ಮನೆಯ ಬಾಗಿಲು ಹಾಕಿದ ಮೇಲೆ ಪೋ ಮ್ಯಾ ಹೆಂಡತಿಯನ್ನು ಕೇಳಿದರು.

"ಮ ನು, ನಾನು ಮರೆತೆ ಅಂತ ನಿಂಗೆ ಗೊತ್ತಾಯ್ತಾ?"

"ನಿಮ್ಮ ತುಟಿ ಅಲ್ಲಾಡ್ಲೇ ಇಲ್ಲ. ಯ, ಲ, ವ ಅನ್ನದೆ ನಿಮಗೆ ಬುಧವಾರದವರ ಹೆಸರು ಯಾವತ್ತು ಬಂದಿದೆ?"

ಮಾರನೆಯ ವಾರ ಚಹಾದಂಗಡಿಯಲ್ಲಿ ಅವರು ತಮ್ಮ ವಿದ್ಯೆಯ ಗುಟ್ಟನ್ನು, ಹುಲಿ ಸಿಂಹ ಇಲಿಗಳನ್ನೆಲ್ಲ ಸೇರಿಸಿ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಹಿರಿತನ ಬಿಡಿಸಲಿ ಎಂದೇ ಹೇಳಿದ್ದು. ಯಾರೂ ಬಿಡಿಸಲಿಲ್ಲ. ಬದಲಿಗೆ ಊರಿನ ಜನ ಹುಷಾರಾದರು. ಬಾಗಿಲಲ್ಲಿ ನಿಂತ ಮುದುಕ ಕಣ್ಣು ಕಿರಿದು ಮಾಡಿದರೆ ತಮ್ಮ ಮುಖಕ್ಕೆ ಯಾವ ಪ್ರಾಣಿ ಬೀಳುತ್ತದೋ ಎಂಬ ಅಂಜಿಕೆ. ಆದ್ದರಿಂದ ಚಪ್ಪರಕ್ಕೆ ಹತ್ತು ಹೆಜ್ಜೆ ಇರುವಾಗಲೇ, "ಊ ಪೋ ಮ್ಯಾ, ನಾನು ವಿನ್ ಪೇ! ವಿನ್ ಪೇ ಬಂದಿದ್ದೀನಿ!" ಎಂದು ತಾವೇ ಕೂಗಿಕೊಂಡು ಬರತೊಡಗಿದರು. ಹೇಮಾಳ ಮದುವೆಯ ದಿನ ಅಂಗಳದ ತುಂಬ ಜನ ತಮ್ಮ ತಮ್ಮ ಹೆಸರು ಕೂಗುತ್ತಿದ್ದರು. ಪೋಸ್ಟ್ ಮಾಸ್ತರರ ಹೆಂಡತಿ ರಿಕ್ಷಾದಿಂದ ಇಳಿಯುವ ಮೊದಲೇ ಮೂರು ಸಲ ಕೂಗಿದರು.

ಯಾಂಗೋನ್‌ನಿಂದ ಬಂದಿದ್ದ ಡೋ ಕ್ಯಿ ಅವರ ದೊಡ್ಡ ಅಧಿಕಾರಿ ನೆಂಟರೊಬ್ಬರು ಇದನ್ನು ಕಂಡು ಸ್ವಲ್ಪ ಹೊತ್ತು ಗೇಟಿನ ಹತ್ತಿರವೇ ನಿಂತರು. ಪ್ಯೇಯಲ್ಲಿ ಹೀಗೊಂದು ಪದ್ಧತಿ ಇರಬಹುದು, ಮೀರುವುದು ಸರಿಯಲ್ಲ ಎನ್ನಿಸಿರಬೇಕು. ಕೋಟು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ತಮ್ಮ ಹೆಸರು, ಹುದ್ದೆ, ಇಲಾಖೆ ಎಲ್ಲವನ್ನೂ ಗಟ್ಟಿಯಾಗಿ ಕೂಗುತ್ತ ಒಳಗೆ ಬಂದರು. ಪೋ ಮ್ಯಾ ಎರಡೂ ಕೈ ಚಾಚಿ ಅವರನ್ನು ಬರಮಾಡಿಕೊಂಡು, ಅವರ ಪಾದ ನೋಡಿ, ಮದುವೆ ಮುಗಿದ ಮೇಲೆ ಒಮ್ಮೆ ಅಂಗಡಿಗೆ ಬರಬೇಕೆಂದು ಹೇಳಿದರು. ಎಡಗಾಲಿನ ಚಪ್ಪಲಿ ಒಂದಂಗುಲ ಚಿಕ್ಕದಾಗಿತ್ತು.